ಕೊನೆಯ ಚೀಲ ತನ್ನ ಖರ್ಚನ್ನು ತಾನು ದುಡಿದಿದೆಯಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಕೃಷಿ ಪುಟದಲ್ಲಿ ದಾಖಲೆ ಇಳುವರಿ ಕೊಟ್ಟ ಮೆಕ್ಕೆಜೋಳದ ಹೊಲದ ಬಗ್ಗೆ ಓದಿದೆ. ಬೀಜ ಯಾವುದು, ಸಾಲಿನಿಂದ ಸಾಲಿಗೆ ಎಷ್ಟು ಅಂತರ, ಎಷ್ಟು ಸಲ ನೀರು, ಎಷ್ಟು ಗೊಬ್ಬರ, ಎಲ್ಲವೂ ಇತ್ತು. ಆ ಗೊಬ್ಬರಕ್ಕೆ ಖರ್ಚು ಎಷ್ಟಾಯಿತು, ಅದರಲ್ಲಿ ಸ್ವಲ್ಪ ಕಡಿಮೆ ಹಾಕಿದ್ದರೆ ಎಷ್ಟು ಬೆಳೆಯುತ್ತಿತ್ತು, ಕೊನೆಗೆ ಕೈಯಲ್ಲಿ ಎಷ್ಟು ಉಳಿಯಿತು, ಈ ಮೂರು ಮಾತು ಮಾತ್ರ ಎಲ್ಲೂ ಸಿಗಲಿಲ್ಲ. ಲೇಖನ ಓದಿದ ನಮ್ಮ ಯಜಮಾನರು ‘ನಾವೂ ಇನ್ನೊಂದು ಚೀಲ ಜಾಸ್ತಿ ಹಾಕಬಹುದಿತ್ತೇನೋ’ ಎಂದರು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು 5 ಎಕರೆ ಮೆಕ್ಕೆಜೋಳದ ಹೊಲ. ಮುಂದೆ ಜೋಳ ಎಂದರೆ ಮೆಕ್ಕೆಜೋಳವೇ. ಉಳುವುದು, ಬಿತ್ತುವುದು ಯಜಮಾನರು ನೋಡಿಕೊಳ್ಳುತ್ತಾರೆ. ಲೆಕ್ಕದ ಪುಸ್ತಕ ನನ್ನದು. 19 ವರ್ಷದಿಂದ ಬರೆಯುತ್ತಿದ್ದೇನೆ. ಮೊದಲ ಹತ್ತು ವರ್ಷ ನಾನು ಬರೆದದ್ದು ಖರ್ಚು ಮತ್ತು ಆದಾಯ ಅಷ್ಟೇ. ಗೊಬ್ಬರಕ್ಕೆ ಇಷ್ಟು ಹೋಯಿತು, ಜೋಳದಿಂದ ಇಷ್ಟು ಬಂತು. ಬಂದದ್ದು ಹೋದದ್ದಕ್ಕಿಂತ ಜಾಸ್ತಿ ಇದ್ದರೆ ಗೊಬ್ಬರ ಲಾಭ ತಂದಿದೆ ಅಂತ ನೆಮ್ಮದಿ. ಈ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ ಅಂತ ಗೊತ್ತಾಗಿದ್ದು 2018ರಲ್ಲಿ.

ಆ ವರ್ಷ ಹೊಲದ ಒಂದು ಮೂಲೆಯಲ್ಲಿ ಆರು ಪಟ್ಟಿ ಮಾಡಿದೆವು. ಒಂದೊಂದು ಪಟ್ಟಿಗೆ ನಾಲ್ಕು ಸಾಲು. ಬೀಜ, ನೀರು, ಕಳೆ, ಉಳಿದ ಗೊಬ್ಬರ ಎಲ್ಲಾ ಒಂದೇ. ಸಾರಜನಕ ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಏನೂ ಇಲ್ಲ. ನಂತರ ಎಕರೆ ಲೆಕ್ಕದಲ್ಲಿ 20, 40, 60, 80, 100 ಕಿಲೋ. ಯೂರಿಯಾ ತೂಕದಲ್ಲಿ ನೂರಕ್ಕೆ 46 ಭಾಗ ಮಾತ್ರ ಸಾರಜನಕ. ಹಾಗಾಗಿ 20 ಕಿಲೋ ಸಾರಜನಕ ಎಂದರೆ ಸುಮಾರು 43 ಕಿಲೋ ಯೂರಿಯಾ. ಮುಂದೆ ನಾನು ಒಂದು ಚೀಲ ಅನ್ನುವುದು ಇದನ್ನೇ. ಕೊಯ್ಲಿನಲ್ಲಿ ನಡುವಿನ ಎರಡು ಸಾಲನ್ನು ಮಾತ್ರ ತೂಗಿದೆವು, ಯಾಕೆಂದರೆ ಅಂಚಿನ ಸಾಲಿಗೆ ಪಕ್ಕದ ಪಟ್ಟಿಯ ಗೊಬ್ಬರವೂ ಸಿಕ್ಕಿರುತ್ತದೆ. ಎಲ್ಲಾ ಕಾಳನ್ನೂ ಒಂದೇ ಮಟ್ಟಕ್ಕೆ ಒಣಗಿಸಿದ ಮೇಲೆಯೇ ತೂಕ ಹಾಕಿದೆವು. ಹಸಿ ಕಾಳು ತೂಗಿದರೆ ನೀರನ್ನೂ ತೂಗಿದ ಹಾಗೆ.

ಬಂದ ಇಳುವರಿ ಎಕರೆಗೆ ಹೀಗಿತ್ತು. ಏನೂ ಹಾಕದ ಪಟ್ಟಿಯಲ್ಲಿ 11 ಕ್ವಿಂಟಾಲ್. 20 ಕಿಲೋಗೆ 16. 40ಕ್ಕೆ 20. 60ಕ್ಕೆ 22.5. 80ಕ್ಕೆ 23.7. 100ಕ್ಕೆ 23.9.

ದಯವಿಟ್ಟು ಈ ಅಂಕಿಗಳನ್ನು ಇನ್ನೊಂದು ಸಲ ನಿಧಾನವಾಗಿ ನೋಡಿ. ಮೊದಲ 20 ಕಿಲೋ 5 ಕ್ವಿಂಟಾಲ್ ತಂದಿತು. ಎರಡನೇ 20 ಕಿಲೋ 4 ಕ್ವಿಂಟಾಲ್. ಮೂರನೆಯದು ಎರಡೂವರೆ. ನಾಲ್ಕನೆಯದು 120 ಕಿಲೋ. ಐದನೆಯದು ಬರೀ 20 ಕಿಲೋ ಕಾಳು. ಚೀಲ ಅದೇ, ಅದನ್ನು ಹೊತ್ತು ಎರಚುವ ಕೂಲಿ ಅದೇ, ಕೊಟ್ಟ ಹಣವೂ ಅದೇ. ಸಿಕ್ಕಿದ್ದು ಮಾತ್ರ ಕಡಿಮೆಯಾಗುತ್ತಾ ಹೋಯಿತು.

ನನ್ನ ಹಳೇ ಪುಸ್ತಕದ ಲೆಕ್ಕ ಇದನ್ನು ತೋರಿಸುತ್ತಲೇ ಇರಲಿಲ್ಲ. 100 ಕಿಲೋ ಹಾಕಿದೆವು, ಏನೂ ಹಾಕದ್ದಕ್ಕಿಂತ ಸುಮಾರು 13 ಕ್ವಿಂಟಾಲ್ ಜಾಸ್ತಿ ಬಂತು, ಅಂದರೆ ಕಿಲೋ ಸಾರಜನಕಕ್ಕೆ 13 ಕಿಲೋ ಜೋಳ, ಬಹಳ ಒಳ್ಳೆಯದಾಯಿತು ಅಂತ ಬರೆದುಬಿಡುತ್ತಿದ್ದೆ. ಆ 13 ಸರಾಸರಿ. ಮೊದಲ ಚೀಲದ ದುಡಿಮೆಯಲ್ಲಿ ಕೊನೆಯ ಚೀಲದ ನಷ್ಟ ಮುಚ್ಚಿಹೋಗಿರುತ್ತದೆ. ಕೊನೆಯ 20 ಕಿಲೋ ಕೊಟ್ಟಿದ್ದು ಕಿಲೋಗೆ ಒಂದೇ ಕಿಲೋ ಜೋಳ.

ಇನ್ನು ಖರ್ಚಿನ ಮಾತು. ನಾನು ಈಗ ಹಣದಲ್ಲಿ ಯೋಚಿಸುವುದನ್ನೇ ಬಿಟ್ಟಿದ್ದೇನೆ. ಒಂದು ಕಿಲೋ ಸಾರಜನಕ ಕೊಳ್ಳಲು ಎಷ್ಟು ಕಿಲೋ ಜೋಳ ಮಾರಬೇಕು, ಇದೊಂದನ್ನೇ ಕೇಳುತ್ತೇನೆ. ಚೀಲದ ಬೆಲೆಯನ್ನು ಅದರೊಳಗಿನ ಸಾರಜನಕದ ಕಿಲೋಗಳಿಂದ ಭಾಗಿಸಿ, ಬಂದದ್ದನ್ನು ಒಂದು ಕಿಲೋ ಜೋಳದ ಬೆಲೆಯಿಂದ ಭಾಗಿಸಿದರೆ ಆ ಅಂಕಿ ಸಿಗುತ್ತದೆ. ಯಾವ ಊರು, ಯಾವ ದೇಶ, ಯಾವ ನಾಣ್ಯ ಆದರೂ ಇದು ನಡೆಯುತ್ತದೆ. 2018ರಲ್ಲಿ ನಮಗೆ ಅದು 5 ಬಂತು.

5 ಎಂದರೆ 20 ಕಿಲೋ ಸಾರಜನಕಕ್ಕೆ 100 ಕಿಲೋ ಜೋಳದ ಖರ್ಚು. ಆ ಖರ್ಚನ್ನು ಇಳುವರಿಯಿಂದ ಕಳೆದರೆ 40 ಕಿಲೋ ಪಟ್ಟಿಯಲ್ಲಿ 18 ಕ್ವಿಂಟಾಲ್ ಉಳಿಯಿತು. 60ರಲ್ಲಿ 19.5. 80ರಲ್ಲಿ 19.7. 100ರಲ್ಲಿ 18.9. ಕಣ್ಣಿಗೆ ಎಲ್ಲಕ್ಕಿಂತ ಚೆನ್ನಾಗಿ ಕಂಡಿದ್ದು 100ರ ಪಟ್ಟಿ. ಎಲೆ ಕಪ್ಪು ಹಸಿರು, ದಂಟು ದಪ್ಪ, ದಾರಿಯಲ್ಲಿ ಹೋಗುವವರು ನಿಂತು ನೋಡಿದ್ದೂ ಅದನ್ನೇ. ಕೈಗೆ ಉಳಿದದ್ದು 60ರ ಪಟ್ಟಿಗಿಂತ ಕಡಿಮೆ. 60ಕ್ಕೂ 80ಕ್ಕೂ ನಡುವೆ ವ್ಯತ್ಯಾಸ ಬರೀ 20 ಕಿಲೋ ಜೋಳ. ಆದರೆ ಆ ಜಾಸ್ತಿ ಬಂದ 120 ಕಿಲೋ ತೆನೆಯನ್ನು ಮುರಿಯಬೇಕು, ಒಣಗಿಸಬೇಕು, ಒಕ್ಕಬೇಕು, ಸಾಗಿಸಬೇಕು. ಅದಕ್ಕೇ ಆ 20 ಕಿಲೋ ಹೋಗುತ್ತದೆ. ಸಾಲ ಮಾಡಿ ಗೊಬ್ಬರ ತಂದಿದ್ದರೆ ಕೊಯ್ಲಿನವರೆಗಿನ ಬಡ್ಡಿಯೂ ಸೇರುತ್ತದೆ. 5 ಅನ್ನುವುದು ಐದೂವರೆ ಆಗುತ್ತದೆ. ಹಾಗಾಗಿ ನಾವು 60ರ ಹತ್ತಿರ ನಿಲ್ಲಿಸಿದೆವು.

ಇಳುವರಿಯ ತುದಿ ಬೇರೆ, ಲಾಭದ ತುದಿ ಬೇರೆ ಅನ್ನುವುದು ಹೊಸ ವಿಷಯ ಅಲ್ಲ. ಗೊಬ್ಬರ ಜಾಸ್ತಿಯಾದಂತೆ ಅದು ಕೊಡುವ ಹೆಚ್ಚುವರಿ ಫಸಲು ಕಡಿಮೆಯಾಗುತ್ತಾ ಬರುತ್ತದೆ ಎಂದು ಜರ್ಮನಿಯ ಕೃಷಿ ವಿಜ್ಞಾನಿ ಮಿಟ್ಷರ್ಲಿಖ್ 1909ರಲ್ಲೇ ಸೂತ್ರ ಬರೆದು ತೋರಿಸಿದ್ದರು. ಅದೇ 1909ರಲ್ಲಿ ಅಲ್ಲಿನ ರಸಾಯನ ವಿಜ್ಞಾನಿ ಫ್ರಿಟ್ಸ್ ಹಾಬರ್ ಗಾಳಿಯ ಸಾರಜನಕದಿಂದ ಅಮೋನಿಯಾ, ಅಂದರೆ ಯೂರಿಯಾದ ಮೂಲವಸ್ತು, ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ತಂದರು. 1913ರಲ್ಲಿ ಜರ್ಮನಿಯ ಓಪಾವ್‌ನಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಚೀಲಗಟ್ಟಲೆ ಸಾರಜನಕ ಸಿಗುವ ದಾರಿಯೂ, ಅದನ್ನು ಎಲ್ಲಿ ನಿಲ್ಲಿಸಬೇಕು ಅನ್ನುವ ಲೆಕ್ಕವೂ ಒಂದೇ ವರ್ಷ ಸಿಕ್ಕವು. ಮೊದಲನೆಯದು ನಮ್ಮ ಹೊಲದವರೆಗೂ ಬಂತು. ಎರಡನೆಯದು ಬಂದು ತಲುಪಲು ನನಗೆ ಇಷ್ಟು ವರ್ಷ ಬೇಕಾಯಿತು.

ಬೆಲೆ ಏರಿದಾಗ ಏನು ಮಾಡಬೇಕು ಅನ್ನುವುದರಲ್ಲೂ ನಾವು ಎಡವಿದ್ದೇವೆ. ಅಮೋನಿಯಾ ಮಾಡಲು ಹೆಚ್ಚಿನ ಕಡೆ ನೈಸರ್ಗಿಕ ಅನಿಲ ಬೇಕು. ಅನಿಲ ತುಟ್ಟಿಯಾದರೆ ಗೊಬ್ಬರವೂ ತುಟ್ಟಿ. 2021ರಿಂದ 2022ರವರೆಗೆ ಜಗತ್ತಿನ ಮಾರುಕಟ್ಟೆಯಲ್ಲಿ ಹಾಗೇ ಆಯಿತು. ನನ್ನ ಪುಸ್ತಕದಲ್ಲಿ 5 ಇದ್ದದ್ದು 9 ಆಯಿತು. ಮನೆಯವರಿಗೆ ಗಾಬರಿ. ‘ಈ ಸಲ 20 ಕಿಲೋ ಸಾಕು’ ಎಂದರು. ನಾನು ಪಟ್ಟಿಗಳ ಅಂಕಿ ತೆಗೆದೆ. 9ರ ಲೆಕ್ಕದಲ್ಲಿ ಖರ್ಚು ಕಳೆದು ಉಳಿಯುವುದು 20 ಕಿಲೋಗೆ 14.2 ಕ್ವಿಂಟಾಲ್, 40ಕ್ಕೆ 16.4, 60ಕ್ಕೆ 17.1, 80ಕ್ಕೆ 16.5, 100ಕ್ಕೆ 14.9. ಬೆಲೆ ಹತ್ತಿರ ಹತ್ತಿರ ಎರಡು ಪಟ್ಟಾದರೂ 60ಕ್ಕೇ ಹೆಚ್ಚು ಉಳಿಯುತ್ತಿತ್ತು! ಹೆದರಿ 20ಕ್ಕೆ ಇಳಿದಿದ್ದರೆ ಎಕರೆಗೆ ಸುಮಾರು 3 ಕ್ವಿಂಟಾಲ್ ಕಳೆದುಕೊಳ್ಳುತ್ತಿದ್ದೆವು. ಹಟ ಹಿಡಿದು 100 ಹಾಕಿದ್ದರೂ 2 ಕ್ವಿಂಟಾಲಿಗಿಂತ ಜಾಸ್ತಿ ನಷ್ಟ. ಗೊಬ್ಬರ ಅಗ್ಗ ಇದ್ದಾಗ ಅತಿಯಾಗಿ ಸುರಿಯುವವರು, ತುಟ್ಟಿಯಾದಾಗ ಪೂರ್ತಿ ಕೈಬಿಡುವವರು, ಇಬ್ಬರನ್ನೂ ನಾನು ನೋಡಿದ್ದೇನೆ. ಮೊದಲ 40 ಕಿಲೋ ಯಾವ ಬೆಲೆಗೂ ಸುಲಭವಾಗಿ ಸೋಲುವುದಿಲ್ಲ. ಬೆಲೆ ನೋಡಿ ಹಿಗ್ಗಿಸಬೇಕಾದದ್ದು, ಕುಗ್ಗಿಸಬೇಕಾದದ್ದು ತುದಿಯ ಸ್ವಲ್ಪ ಭಾಗ ಮಾತ್ರ.

ನನ್ನ ತಂಗಿಯ ವಿಷಯ ಹೇಳಲೇಬೇಕು. ಅವಳಿಗೆ 2 ಎಕರೆ. ಒಂದು ವರ್ಷ ಅವಳ ಕೈಯಲ್ಲಿ 80 ಕಿಲೋ ಸಾರಜನಕಕ್ಕೆ ಆಗುವಷ್ಟೇ ಹಣ ಇತ್ತು. ಒಂದು ಎಕರೆಗಾದರೂ ಸರಿಯಾಗಿ ಹಾಕೋಣ ಅಂತ ಪೂರ್ತಿ ಒಂದಕ್ಕೇ ಹಾಕಿದಳು. ಇನ್ನೊಂದು ಎಕರೆ ಹಾಗೇ ಬಿಟ್ಟಳು. ನನ್ನ ಪಟ್ಟಿಗಳ ಅಂಕಿಯನ್ನೇ ಇಟ್ಟು ನೋಡಿ. ಅವಳಂತೆ ಮಾಡಿದರೆ 23.7 ಮತ್ತು 11, ಸೇರಿಸಿ 34.7 ಕ್ವಿಂಟಾಲ್. ಎರಡಕ್ಕೂ 40-40 ಹಂಚಿದ್ದರೆ 20 ಮತ್ತು 20, ಸೇರಿಸಿ 40. ಅದೇ ಗೊಬ್ಬರ, ಅದೇ ಹಣ, 5 ಕ್ವಿಂಟಾಲಿಗಿಂತ ಜಾಸ್ತಿ ಫರಕು. ಬಡವರ ಮನೆಗೆ 5 ಕ್ವಿಂಟಾಲ್ ಅಂದರೆ ಸುಮ್ನೆ ಅಲ್ಲ. ಅವಳಿಗೆ ಇದನ್ನು ಬಿತ್ತನೆಗೆ ಮೊದಲು ಹೇಳಲಾಗಲಿಲ್ಲ ಅನ್ನುವ ಸಂಕಟ ನನಗೆ ಇನ್ನೂ ಇದೆ. ಹಣ ಕಡಿಮೆ ಇರುವವರೇ ಈ ಲೆಕ್ಕವನ್ನು ಮೊದಲು ಕಲಿಯಬೇಕು. ಅವರಿಗೇ ಇದನ್ನು ಯಾರೂ ಹೇಳುವುದಿಲ್ಲ.

ಹೋದ ಗೊಬ್ಬರ ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಬೇಕಲ್ವಾ? ಒಂದು ಕ್ವಿಂಟಾಲ್ ಮೆಕ್ಕೆಜೋಳದ ಕಾಳಿನಲ್ಲಿ ಸುಮಾರು ಒಂದೂವರೆ ಕಿಲೋ ಸಾರಜನಕ ಇರುತ್ತದೆ. 23.9 ಕ್ವಿಂಟಾಲಿನಲ್ಲಿ 36 ಕಿಲೋ ಇರಬಹುದು. ಅದರಲ್ಲೂ ಒಂದು ಪಾಲು ಮಣ್ಣಿನದೇ. ನಾವು ಹಾಕಿದ್ದು 100. ಕೊನೆಯ 20 ಕಿಲೋದಲ್ಲಿ ಕಾಳಿಗೆ ಹೋದದ್ದು ಕಾಲು ಕಿಲೋ ಚಿಲ್ಲರೆ. ಉಳಿದದ್ದರಲ್ಲಿ ಸ್ವಲ್ಪ ದಂಟಿನಲ್ಲಿ, ಸ್ವಲ್ಪ ಮಣ್ಣಿನಲ್ಲಿ ಇದ್ದೀತು. ಬಹಳಷ್ಟು ಗಾಳಿಗೆ ಮತ್ತು ನೀರಿಗೆ. ಯೂರಿಯಾವನ್ನು ಬಿಸಿಲಲ್ಲಿ ಹಸಿ ನೆಲದ ಮೇಲೆ ಎರಚಿ ಹಾಗೇ ಬಿಟ್ಟರೆ ಅದು ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಘಾಟು ಬಡಿದರೆ ಅದು ನಮ್ಮ ಹಣದ ವಾಸನೆ. ಮಣ್ಣು ಮುಚ್ಚಿದರೆ, ಇಲ್ಲವೇ ಹಾಕಿದ ಬೆನ್ನಿಗೇ ಒಂದು ಹದ ಮಳೆ ಬಂದರೆ ಉಳಿಯುತ್ತದೆ. ಮಣ್ಣಿನಲ್ಲಿ ನೈಟ್ರೇಟ್ ಎಂಬ ನೀರಲ್ಲಿ ಕರಗುವ ರೂಪಕ್ಕೆ ತಿರುಗಿದ ಭಾಗ ಮಳೆಯ ಜೊತೆ ಅಂತರ್ಜಲಕ್ಕೆ ಇಳಿಯುತ್ತದೆ. ನಮ್ಮ ಬಾವಿಯ ನೀರು ಪರೀಕ್ಷೆ ಮಾಡಿಸಿದಾಗ ಲೀಟರಿಗೆ 62 ಮಿಲಿಗ್ರಾಂ ನೈಟ್ರೇಟ್ ಬಂತು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳುವ ಮಿತಿ 50. ನೈಟ್ರೇಟ್ ಜಾಸ್ತಿಯಾದರೆ ಎಳೆ ಮಕ್ಕಳ ರಕ್ತ ಆಮ್ಲಜನಕ ಹೊರುವುದನ್ನು ಅದು ತಡೆಯುತ್ತದೆ. ಆಗ ನನ್ನ ಮಗಳಿಗೆ ಏಳು ತಿಂಗಳು ತುಂಬಿತ್ತು. ಅಂದಿನಿಂದ ಕೊನೆಯ ಚೀಲದ ಖರ್ಚಿನ ಪಕ್ಕದಲ್ಲಿ ಬಾವಿಯನ್ನೂ ಬರೆದಿಟ್ಟುಕೊಂಡಿದ್ದೇನೆ. ಅದಕ್ಕೆ ಬೆಲೆ ಕಟ್ಟಲು ಬರುವುದಿಲ್ಲ.

ನಮ್ಮ ಪಟ್ಟಿಗಳ ಅಂಕಿ ಎಲ್ಲರ ಹೊಲಕ್ಕೂ ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಹೊಲದಲ್ಲೇ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಸೋಯಾ ಬೆಳೆದ ಮಾರನೇ ವರ್ಷ ಏನೂ ಹಾಕದ ಸಾಲು 11ರ ಬದಲು 14 ಕ್ವಿಂಟಾಲ್ ಕೊಟ್ಟಿತು. ಆ ವರ್ಷ 40 ಕಿಲೋಗೇ ನಿಲ್ಲಿಸಿದೆವು. ಕೊಟ್ಟಿಗೆ ಗೊಬ್ಬರ 4 ಟನ್ ಹಾಕಿದರೆ ಅದರಲ್ಲಿ 20 ಕಿಲೋದಷ್ಟು ಸಾರಜನಕ ಇರುತ್ತದೆ. ಮೊದಲ ವರ್ಷ ಬೆಳೆಗೆ ಸಿಗುವುದು ಅದರ ಒಂದು ಪಾಲು ಮಾತ್ರ. ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಮಣ್ಣಿನಲ್ಲಿ ಬೇರೆ ಏನೋ ಕೊರತೆ ಇದ್ದರೆ ಈ ಲೆಕ್ಕವೆಲ್ಲಾ ತಲೆಕೆಳಗು. ನಮ್ಮ ಹೊಲದ ತಗ್ಗಿನ ಕಡೆ ಎಳೆ ಗಿಡದ ಎಲೆಯ ಮೇಲೆ ಬಿಳಿ ಪಟ್ಟೆ ಬರುತ್ತಿತ್ತು. ಸಲಹೆ ಕೇಳಿದಾಗಲೆಲ್ಲಾ ಸಿಕ್ಕ ಉತ್ತರ ಒಂದೇ, ಇನ್ನಷ್ಟು ಯೂರಿಯಾ ಕೊಡಿ. ಮೂರು ವರ್ಷ ಕೊಟ್ಟೆವು. 17 ಕ್ವಿಂಟಾಲ್ ದಾಟಲಿಲ್ಲ. ಕೊನೆಗೆ ಮಣ್ಣು ಪರೀಕ್ಷೆ ಮಾಡಿಸಿದರೆ ಕಡಿಮೆ ಇದ್ದದ್ದು ಸತು (ಜಿಂಕ್). ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ಹಾಕಿದೆವು. ಅದೇ ಸಾರಜನಕಕ್ಕೆ 21 ಬಂತು. ಅತಿ ಕಡಿಮೆ ಇರುವ ಪೋಷಕಾಂಶವೇ ಬೆಳೆಯ ಮಿತಿ ಎಂದು ಮೊದಲು ಹೇಳಿದವರು ಜರ್ಮನಿಯ ವಿಜ್ಞಾನಿ ಶ್ಪ್ರೆಂಗೆಲ್. ಎಲ್ಲರಿಗೂ ತಿಳಿಯುವಂತೆ ಮಾಡಿದವರು ಅಲ್ಲಿನವರೇ ಆದ ಲೀಬಿಗ್. ಹತ್ತೊಂಬತ್ತನೇ ಶತಮಾನದ ಮಾತು ಅದು. ಅದೇ ಪರೀಕ್ಷೆಯಲ್ಲಿ ನಮ್ಮ ಮಣ್ಣಿನಲ್ಲಿ ರಂಜಕ ಬೇಕಾದಷ್ಟಿದೆ ಅಂತಲೂ ಬಂತು. ರಂಜಕ ಸಾರಜನಕದಂತೆ ಓಡಿಹೋಗುವುದಿಲ್ಲ, ಮಣ್ಣಿಗೆ ಅಂಟಿ ಕೂತಿರುತ್ತದೆ. ಎರಡು ವರ್ಷ ಅದನ್ನು ಹಾಕಲೇ ಇಲ್ಲ. ಇಳುವರಿ ಇಳಿಯಲಿಲ್ಲ.

ಮಳೆಯ ಮಾತು ಬಂದರೆ ಯಾವ ಲೆಕ್ಕವೂ ಗಟ್ಟಿ ಅಲ್ಲ. ಬಿತ್ತುವಾಗ ಮಳೆ ಹೇಗೆ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ನಾವು ಮೂರು ಕಂತು ಮಾಡುತ್ತೇವೆ. ತಳಕ್ಕೆ ಸ್ವಲ್ಪ, ಗಿಡ ಮೊಣಕಾಲೆತ್ತರ ಬಂದಾಗ ಸ್ವಲ್ಪ, ಸೂಲಂಗಿ (ಗಿಡದ ತುದಿಯ ಗಂಡು ಹೂ) ಕಾಣುವ ಮೊದಲು ಸ್ವಲ್ಪ. ಮೆಕ್ಕೆಜೋಳ ಸಾರಜನಕವನ್ನು ಜಾಸ್ತಿ ಎಳೆಯುವುದೂ ಮೊಣಕಾಲೆತ್ತರ ದಾಟಿದ ಮೇಲೆಯೇ. ಕಂತು ಮಾಡಿದರೆ ಬೆಳೆಗೂ ಒಳ್ಳೆಯದು, ಇನ್ನೊಂದು ಲಾಭವೂ ಇದೆ: ತೀರ್ಮಾನ ನಮ್ಮ ಕೈಯಲ್ಲೇ ಉಳಿದಿರುತ್ತದೆ. 2023ರಲ್ಲಿ ಎರಡನೇ ಕಂತಿನ ಹೊತ್ತಿಗೆ ನೆಲ ಬಿರಿದಿತ್ತು. ಕಾದೆವು. ಒಂದು ಮಳೆ ಬಂದ ಮೇಲೆ 20 ಕಿಲೋ ಕೊಟ್ಟು, ಮೂರನೆಯದನ್ನು ಬಿಟ್ಟೇಬಿಟ್ಟೆವು. ಬಂದದ್ದು 10 ಕ್ವಿಂಟಾಲ್ ಮಾತ್ರ. ಆದರೆ ಬಾರದ ಬೆಳೆಗೆ ಹಾಕಿದ ಗೊಬ್ಬರದ ಸಾಲ ಇರಲಿಲ್ಲ.

ಇದೆಲ್ಲಾ ತಿಳಿಯಲು ದೊಡ್ಡ ಉಪಕರಣ ಬೇಕಿಲ್ಲ. ಹೊಲದಲ್ಲಿ ನಾಲ್ಕು ಸಾಲಿಗೆ ಸಾರಜನಕ ಹಾಕದೆ ಬಿಡಬೇಕು. ನಮ್ಮ ಅತ್ತೆ ಅದಕ್ಕೆ ‘ಉಪವಾಸದ ಸಾಲು’ ಅಂತ ಹೆಸರಿಟ್ಟಿದ್ದಾರೆ. ಇನ್ನು ನಾಲ್ಕು ಸಾಲಿಗೆ ಬೇಕಾದ್ದಕ್ಕಿಂತ ಜಾಸ್ತಿ ಹಾಕಬೇಕು. ಉಳಿದ ಹೊಲ ಉಪವಾಸದ ಸಾಲಿಗಿಂತ ಎಷ್ಟು ಮೇಲಿದೆ, ಜಾಸ್ತಿ ಹಾಕಿದ ಸಾಲಿಗಿಂತ ಎಷ್ಟು ಕೆಳಗಿದೆ ಅನ್ನುವುದೇ ಉತ್ತರ. ಎರಡನೆಯ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದಾದರೆ ಮುಂದಿನ ಕಂತು ಬೇಡ. ಒಂದಷ್ಟು ಕಾಳು ಕಡಿಮೆ ಬರುತ್ತದೆ ಅಂತ ಬೇಸರ ಬೇಡ, ಅದು ಕಲಿಯಲು ಕೊಡುವ ಶುಲ್ಕ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ 1843ರಲ್ಲಿ ಗೋಧಿ ಬಿತ್ತಿ ಪ್ರಯೋಗ ಶುರು ಮಾಡಿದಾಗ ಒಂದು ತುಂಡಿಗೆ ಏನೂ ಹಾಕದೆ ಬಿಟ್ಟರು. ಅದು ಇಂದಿಗೂ ಇದೆ. ಹೆಕ್ಟೇರಿಗೆ ಸುಮಾರು ಒಂದು ಟನ್ ಗೋಧಿ ಕೊಡುತ್ತಲೇ ಇದೆ. ಲಾಸ್ ಯಾರು ಗೊತ್ತೇ? ಅದರ ಹಿಂದಿನ ವರ್ಷವೇ ಸೂಪರ್ ಫಾಸ್ಫೇಟ್ ಎಂಬ ರಂಜಕದ ಗೊಬ್ಬರಕ್ಕೆ ಪೇಟೆಂಟ್ ಪಡೆದು ಅದನ್ನು ಮಾಡಿ ಮಾರಿದವರು. ಗೊಬ್ಬರ ಮಾರುವವರೇ ಗೊಬ್ಬರ ಇಲ್ಲದ ತುಂಡನ್ನು ಉಳಿಸಿಕೊಂಡಿದ್ದರು. ಹೋಲಿಸಲು ಒಂದು ಸಾಲೂ ಇಲ್ಲದೆ ಗೊಬ್ಬರ ಎಷ್ಟು ಕೆಲಸ ಮಾಡಿದೆ ಅಂತ ನಾವು ಹೇಗೆ ಹೇಳುವುದು?

ಸಂಪಾದಕರೇ, ನನ್ನ ಕೋರಿಕೆ ಎರಡೇ. ದಾಖಲೆ ಇಳುವರಿಯ ಸುದ್ದಿ ಬರೆಯುವಾಗ ಖರ್ಚು ಕಳೆದು ಉಳಿದದ್ದನ್ನೂ ಬರೆಯಿರಿ. ಪಕ್ಕದಲ್ಲಿ ಕಡಿಮೆ ಗೊಬ್ಬರದ ಸಾಲು ಇತ್ತೇ, ಅದು ಎಷ್ಟು ಕೊಟ್ಟಿತು ಅಂತ ಆ ರೈತರನ್ನು ಕೇಳಿ. ಇನ್ನೊಂದು, ಧಾರಣೆಯ ಪಟ್ಟಿ ಹಾಕುವ ಜಾಗದಲ್ಲಿ ವಾರಕ್ಕೊಮ್ಮೆ ಒಂದು ಅಂಕಿ ಸೇರಿಸಿ: ಈ ವಾರ ಒಂದು ಕಿಲೋ ಸಾರಜನಕಕ್ಕೆ ಎಷ್ಟು ಕಿಲೋ ಜೋಳ. ಒಂದೇ ಸಾಲಿನ ಜಾಗ ಸಾಕು. ಬಿತ್ತನೆಗೆ ಮೊದಲು ಅದು ಕಣ್ಣಿಗೆ ಬಿದ್ದರೆ ಎಷ್ಟೋ ಮನೆಗಳಲ್ಲಿ ಲೆಕ್ಕದ ಪುಸ್ತಕ ತೆರೆಯುತ್ತದೆ.

ನಮ್ಮ ಹೊಲದಲ್ಲಿ ಈ ಸಲವೂ ಉಪವಾಸದ ಸಾಲು ಬಿಟ್ಟಿದ್ದೇವೆ. ಗಿಡ ಈಗ ಮೊಣಕಾಲೆತ್ತರ ಇದೆ. ಉಪವಾಸದ ಸಾಲಿನ ಎಲೆ ಸ್ವಲ್ಪ ಹಳದಿ ತಿರುಗಿದೆ, ಉಳಿದದ್ದು ಇನ್ನೂ ಹಸಿರಾಗಿದೆ. ಎರಡನೇ ಕಂತನ್ನು ಎಷ್ಟು ಹಾಕಬೇಕು ಅಂತ ನಾಳೆ ಬೆಳಿಗ್ಗೆ ಇಬ್ಬರೂ ಹೊಲಕ್ಕೆ ಹೋಗಿ ನೋಡುತ್ತೇವೆ. ಒಕ್ಕಣೆ ಮುಗಿದ ಮೇಲೆ ಅಂಕಿಗಳನ್ನು ನಿಮಗೆ ಕಳಿಸುತ್ತೇನೆ, ಕಡಿಮೆ ಬಂದರೂ ಸರಿ.

ಇಂತಿ,
ಲೆಕ್ಕ ಬರೆಯುವ ಒಬ್ಬ ರೈತ ಮಹಿಳೆ